ಎಲ್ಲರಿಗೂ ಒಂದೇ ವಿಳಾಸ ಪುಸ್ತಕ

ನಮ್ಮ ಮುದ್ರಣಾಲಯದಲ್ಲಿ ಕಂಪ್ಯೂಟರ್ ಮೂರು, ಕೂರುವವರು ಐದು ಜನ. ಯಾವುದು ಖಾಲಿಯಿದೆಯೋ ಅದರ ಮುಂದೆ ಕೂರುವುದು, ಬಂದ ಇಮೇಲನ್ನು ಯಾರು ಬೇಕಾದರೂ ತೆರೆದು ಓದುವುದು. "ನಾವೆಲ್ಲ ಒಂದೇ ಮನೆಯವರಲ್ವಾ" ಎನ್ನುತ್ತಿದ್ದರು ಯಜಮಾನರು. ಒಂದೇ ಮನೆಯವರಿಗೇ ಬಾಗಿಲು, ಚಿಲಕ ಹೆಚ್ಚು ಬೇಕು ಎಂದು ಅವರಿಗೆ ಹೇಳಬೇಕಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ನಾನು ಆರ್ಡರ್ ತೆಗೆದುಕೊಳ್ಳುವವಳು. ಒಮ್ಮೆ ಕೆಟ್ಟ ಪ್ರಿಂಟರ್ ಸರಿಮಾಡಿದ್ದೇ ನೆಪ, ಅಂದಿನಿಂದ ಕಂಪ್ಯೂಟರಿನ ಗೋಳೆಲ್ಲ ನನ್ನ ತಲೆಗೇ ಬಿತ್ತು. ಅದಕ್ಕೇ ಪ್ರೂಫಕ್ಕ ನನ್ನ ಹತ್ತಿರ ಬಂದಳು. ಕರಡು ತಿದ್ದುವವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಪ್ರೂಫಕ್ಕ. ಅವಳ ಗಂಡ ಅದೇ ಕೋಣೆಯಲ್ಲಿ ಪುಟ ವಿನ್ಯಾಸ ಮಾಡುತ್ತಾನೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ.

"ಮನೇಲಿ ಕೈ ಮಾಡ್ತಾರೆ ಕಣೇ," ಎಂದಳು ಅಕ್ಕ, ಕಾಗದದ ಉಗ್ರಾಣದಲ್ಲಿ ನಿಂತು. "ಬೇರೆ ಊರಿನ ಪ್ರೆಸ್ಸಲ್ಲಿ ಕೆಲಸ ಕೇಳಿದೀನಿ. ನನ್ನ ಫೋನು ಅವ್ರ ಹತ್ರಾನೇ ಇರತ್ತೆ, ಉತ್ತರ ಇಲ್ಲಿಗೇ ಬರ್ಬೇಕು. ಅವ್ರ ಕಣ್ಣಿಗೆ ಬೀಳದ ಹಾಗೆ ಏನಾದ್ರೂ ಮಾಡ್ತೀಯಾ? ಮಗಳನ್ನ ಕರ್ಕೊಂಡು ಬಸ್ ಹತ್ತೋವರ್ಗೂ ಸಾಕು."

ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿಯಿಂದ ಏನು ಪ್ರಯೋಜನ? ಅವಳೊಬ್ಬಳ ಇಮೇಲಿಗೆ ಬೀಗ ಹಾಕಿದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತಿತ್ತು. ಆದ್ದರಿಂದ ಐವರಿಗೂ ಹಾಕಿದೆ. ಯಾವ ಕಂಪ್ಯೂಟರಿನ ಮುಂದೆ ಕೂತರೂ ತಮ್ಮ ಹೆಸರು ಒತ್ತಿ, ಪಾಸ್‌ವರ್ಡ್ ಕೊಟ್ಟು, ತಮ್ಮ ಇಮೇಲನ್ನಷ್ಟೇ ನೋಡುವಂತೆ ಮಾಡಿದೆ. ಆರ್ಡರುಗಳು ಕಲಸುಮೇಲೋಗರ ಆಗುತ್ತಿವೆ ಎಂದು ಯಜಮಾನರಿಗೆ ಸಬೂಬು ಹೇಳಿದೆ. ಅವರು ಒಪ್ಪಿದರು, ಒಂದೇ ಷರತ್ತು: ಗಿರಾಕಿಗಳ ಇಮೇಲ್ ವಿಳಾಸ ಪುಸ್ತಕ ಮಾತ್ರ ಎಲ್ಲರಿಗೂ ಒಂದೇ ಇರಬೇಕು.

ಸರಿ ಎಂದೆ. ಯಾರು ಯಾರಿಗೆ ಉತ್ತರ ಬರೆದರೂ ಆ ವಿಳಾಸ ತಾನಾಗಿಯೇ ಪುಸ್ತಕಕ್ಕೆ ಸೇರುವಂತೆಯೂ ಮಾಡಿದೆ. ಆಗ ನನ್ನ ತಲೆಯಲ್ಲಿ ಗಿರಾಕಿಗಳಿದ್ದರು, ಅಕ್ಕ ಇರಲಿಲ್ಲ.

ಉತ್ತರ ಬಂತು. ಸೋಮವಾರ ಬಂದು ಸೇರಿಕೊಳ್ಳಿ ಎಂದಿತ್ತು. 'ಬರುತ್ತೇನೆ' ಎಂದು ಬರೆದು ಅಕ್ಕ ಎದ್ದಳು. ಊಟವಾದ ಮೇಲೆ ಅದೇ ಕುರ್ಚಿಯಲ್ಲಿ ಅವಳ ಗಂಡ ಕೂತ. ಯಾರೋ ಗಿರಾಕಿಗೆ ಬರೆಯಲು ಮೊದಲ ಅಕ್ಷರ ಒತ್ತಿದ್ದಾನೆ, ಕೆಳಗೆ ಪುಸ್ತಕದಿಂದ ಆ ಪ್ರೆಸ್ಸಿನ ವಿಳಾಸ ಮೂಡಿದೆ.

"ಈ ಪ್ರೆಸ್ಸಿಗೆ ನಮ್ಮಲ್ಲಿಂದ ಯಾರಪ್ಪಾ ಬರೆದಿದ್ದು?" ಎಂದ. ಕೇಳಿದ್ದು ಎಲ್ಲರನ್ನೂ, ನೋಡಿದ್ದು ಹೆಂಡತಿಯನ್ನು.

ಅಕ್ಕನ ಪೆನ್ನು ನಿಂತಿತು. ನನಗೆ ತಪ್ಪು ಆಗ ಹೊಳೆಯಿತು.

"ನಾನು," ಎಂದೆ. "ಕೆಲಸ ಕೇಳಿ ಬರೆದೆ."

ಯಜಮಾನರು ತಮ್ಮ ಕೋಣೆಯಿಂದ ಹೊರಗೆ ಬಂದರು. ಉಂಡ ಮನೆಯ ಜಂತೆ ಎಣಿಸುವವಳು ಎಂದು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೇ ಚೆನ್ನಾಗಿತ್ತು. ಅವರು ಮೆತ್ತಗಾದರು.

"ಅಲ್ಲಮ್ಮಾ, ನನಗೊಂದು ಮಾತು ಹೇಳ್ಬಾರ್ದಿತ್ತಾ? ಆ ಪ್ರೆಸ್ಸಿನ ಓನರ್ ನನ್ನ ಜೊತೇನೇ ಕೆಲಸ ಕಲಿತೋನು. ಇರು, ನಿನ್ನ ಬಗ್ಗೆ ಒಂದೊಳ್ಳೆ ಮಾತು ಹೇಳ್ತೀನಿ."

"ಬೇಡ ಸರ್."

"ಸುಮ್ನಿರು, ಇದಕ್ಕೆಲ್ಲ ನಾಚ್ಕೊಂಡ್ರೆ ಹೇಗೆ?"

ಅವರಿಗೆ ಕಿವಿ ಸ್ವಲ್ಪ ಮಂದ, ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕುತ್ತಾರೆ. ರಿಂಗಾಗುವುದು ಕೋಣೆಗೆಲ್ಲ ಕೇಳುತ್ತಿತ್ತು. ಅಕ್ಕನ ಗಂಡ ಕೈಕಟ್ಟಿ ಕೂತು ಕೇಳಿಸಿಕೊಳ್ಳುತ್ತಿದ್ದ. ಅತ್ತ ಕಡೆಯವರು ಎತ್ತಿದರೆ ಯಾರಿಗೆ ಕೆಲಸ ಕೊಟ್ಟೆವೆಂದು ಹೇಳಿಯೇ ಹೇಳುತ್ತಾರೆ.

"ಫೋನ್ ಇಡಿ ಸರ್," ಎಂದಳು ಅಕ್ಕ, ಎದ್ದು ನಿಂತು. "ಬರೆದಿದ್ದು ನಾನು. ಕೆಲಸಾನೂ ಸಿಕ್ಕಿದೆ."

ಗಂಡ ಕುರ್ಚಿಯಿಂದ ಎದ್ದ, ಅಷ್ಟೇ. ಇನ್ನೂ ಒಂದು ಮಾತಾಡಿರಲಿಲ್ಲ, ಒಂದು ಹೆಜ್ಜೆ ಇಟ್ಟಿರಲಿಲ್ಲ. ಅಷ್ಟಕ್ಕೇ ಅಕ್ಕನ ತೋಳು ತಾನಾಗಿಯೇ ಮೇಲೆದ್ದು ಮುಖಕ್ಕೆ ಅಡ್ಡ ಬಂತು.

ಅದನ್ನು ಎಲ್ಲರೂ ನೋಡಿದರು. ಯಜಮಾನರೂ ನೋಡಿದರು. ಫೋನಿನಲ್ಲಿ ಯಾರೋ ಹಲೋ, ಹಲೋ ಎನ್ನುತ್ತಿದ್ದರು.

"ಏನಿಲ್ಲ ಸರ್, ಮನೆ ವಿಷಯ," ಎಂದು ನಕ್ಕ ಅವನು. "ಬಾರೇ, ಮನೇಲಿ ಮಾತಾಡೋಣ."

ಯಜಮಾನರು ಫೋನ್ ಆರಿಸಿ, ಹೋಗಿ ಅವನ ಎದುರಿಗೆ ನಿಂತರು. ಅವರ ತಲೆ ಅವನ ಭುಜಕ್ಕೂ ಬರುತ್ತಿರಲಿಲ್ಲ. "ನೀನು ಕೂತ್ಕೋ," ಎಂದರು. ಆಮೇಲೆ ತಿರುಗದೆಯೇ ನಮಗೆ ಹೇಳಿದರು: "ನೀವಿಬ್ರೂ ಹೊರಡಿ."

ನಾನು ಅಕ್ಕನ ಚೀಲ ಹಿಡಿದು ಅವಳ ಹಿಂದೆ ಮೆಟ್ಟಿಲಿಳಿದೆ. ಇವತ್ತು ಎಲ್ಲಿ ಇರುತ್ತೀಯಕ್ಕ ಎಂದು ಕೇಳಬೇಕೆನ್ನುವಷ್ಟರಲ್ಲಿ ಮೇಲೆ ಕುರ್ಚಿಯೊಂದು ಉರುಳಿದ ಸದ್ದಾಯಿತು.

"ಮಗಳ ಶಾಲೆ ಬಿಡೋ ಹೊತ್ತು," ಎಂದಳು ಅಕ್ಕ. "ಓಡೇ. ದಾರಿ ಅವ್ರಿಗೂ ಗೊತ್ತು."