ಹೋಟೆಲಿನಿಂದ ಬಾಣಂತನ

ಬಾಣಂತನಕ್ಕೆ ಹೊರಟ ತಾಯಿಗೆ ಮಗಳೇ ಹೋಟೆಲ್ ರೂಮ್ ಬುಕ್ ಮಾಡಿಕೊಟ್ಟಳು ಎಂದರೆ ಕೇಳಿದವರು ನಗಬೇಕೋ ಅಳಬೇಕೋ? ಪದ್ಮಿನಿ ಎರಡನ್ನೂ ಮಾಡಲಿಲ್ಲ. "ಮಾಲ್ಮೋಗೆ ಹೊರಟಿದೀನಿ, ನಿಖಿತಾ ಬಾಣಂತನಕ್ಕೆ" ಎಂದು ಸ್ವೀಡನ್ನಿನಲ್ಲಿ ತಾನಿದ್ದ ಊರಾದ ಸುಂಡ್‌ಬೀಬರ್ಯ್‌ನ ಗೆಳತಿಯರಿಗೆಲ್ಲ ಟಾಂಟಾಂ ಹೊಡೆದು, ಹೋಟೆಲಿನ ವಿಷಯವನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಂಡು ರೈಲು ಹತ್ತಿದಳು.

"ಅವರ ಮನೆ ಚಿಕ್ಕದಂತಲ್ಲ, ಏನ್ ಮಾಡಕ್ಕಾಗುತ್ತೆ ಬಿಡು," ಎಂದು ಗಂಡ ರಘುನಾಥ ಸೂಟ್‌ಕೇಸನ್ನು ಏದುಸಿರು ಬಿಡುತ್ತ ರೈಲಿನೊಳಕ್ಕೆ ಎತ್ತಿಕೊಟ್ಟಿದ್ದ. ಅದರಲ್ಲಿ ಅಂಟಿನ ಉಂಡೆಯ ಡಬ್ಬಗಳಿದ್ದವು, ಮೆಣಸಿನ ಸಾರಿನ ಪುಡಿ ಇತ್ತು, ಸೀಗೆಪುಡಿ ಇತ್ತು, ಹರಳೆಣ್ಣೆ ಬಾಟಲಿಗಳಿದ್ದವು. ಬಾಣಂತಿಯ ತಲೆಗೆ ಕಟ್ಟಲೆಂದು ಒಗೆದೊಗೆದು ಮೆತ್ತಗಾದ ಹಳೆಯ ಹತ್ತಿ ಸೀರೆಯೂ ಇತ್ತು. ಅವಳ ಸ್ವಂತ ಬಟ್ಟೆಗೆ ಉಳಿದದ್ದು ಒಂದು ಮೂಲೆ.

ಹೋಟೆಲು ಮಾಲ್ಮೋ ಸ್ಟೇಷನ್ನಿನ ಹಿಂದೆಯೇ ಇತ್ತು. ಜಪಾನಿನ ಊರುಗಳಲ್ಲಿ ಕಂಪನಿ ಕೆಲಸದ ಮೇಲೆ ಓಡಾಡುವವರಿಗೆಂದು ಅಗ್ಗದ ಹೋಟೆಲುಗಳಿರುತ್ತವಲ್ಲ, ಇದೂ ಅದೇ ಮಾದರಿಯದಂತೆ. ಹಾಗೆಂದು ಬಾಗಿಲಲ್ಲೇ ಬರೆದುಕೊಂಡಿದ್ದರು. ಅದರಲ್ಲಿ ಹೆಮ್ಮೆಪಡುವಂಥದ್ದು ಏನಿತ್ತೋ ದೇವರೇ ಬಲ್ಲ. ಬಂದವರನ್ನು ಮಾತಾಡಿಸಲು ಮನುಷ್ಯರಿರಲಿಲ್ಲ, ಒಂದು ಟಚ್ ಸ್ಕ್ರೀನ್ ಇತ್ತು. ಅದು ಹೆಸರು ಕೇಳಿತು, ಆಮೇಲೆ ಬಂದ ಕಾರಣ ಕೇಳಿತು. ಕೆಲಸ, ಪ್ರವಾಸ ಎಂದು ಎರಡೇ ಗುಂಡಿಗಳು. ಬಾಣಂತನ ಯಾವುದರಲ್ಲಿ ಸೇರುತ್ತದೆಂದು ತಿಳಿಯದೆ ಪದ್ಮಿನಿ ಕೆಲಸ ಎಂಬುದನ್ನು ಒತ್ತಿದಳು.

ರೂಮಿನಲ್ಲಿ ಮಂಚ ಬಿಟ್ಟರೆ ಉಳಿದ ಜಾಗದಲ್ಲಿ ಒಬ್ಬರು ಮೈ ಓರೆ ಮಾಡಿಕೊಂಡು ನಡೆಯಬಹುದಿತ್ತು. ಸೂಟ್‌ಕೇಸ್ ತೆರೆಯಬೇಕೆಂದರೆ ಮಂಚದ ಮೇಲೆ ತೆರೆಯಬೇಕು, ಮಲಗಬೇಕೆಂದರೆ ಮುಚ್ಚಿ ಕೆಳಗಿಳಿಸಬೇಕು. ಬಚ್ಚಲುಮನೆಯ ನೆಲ, ಗೋಡೆ, ತೊಟ್ಟಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಅಚ್ಚಿನಲ್ಲಿ ತೆಗೆದಂತಿತ್ತು. ಮಡಿಸಿಟ್ಟ ಹತ್ತಿಯ ನಿಲುವಂಗಿ, ಬೆಳ್ಳನೆಯ ತೆಳು ಚಪ್ಪಲಿ, ನೀರು ಕಾಯಿಸಲು ಒಂದು ಕೆಟಲ್. ಕಿಟಕಿ ಇರಲಿಲ್ಲ. ಪರದೆ ಸರಿಸಿದರೆ ಹಿಂದೆ ಗೋಡೆಯೇ ಇತ್ತು. ಬುಕ್ ಮಾಡುವಾಗ ಮಗಳು ಇದನ್ನು ಗಮನಿಸಿರಲಿಕ್ಕಿಲ್ಲ ಎಂದು ಪದ್ಮಿನಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಮಗಳನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಎಣ್ಣೆ ಒತ್ತಿ, ಮೈಯೆಲ್ಲ ತಿಕ್ಕಿ, ಬಿಸಿಬಿಸಿ ನೀರು ಎರೆಯಬೇಕು. ಒಂದು ಸಲವಾದರೂ. ನಿಖಿತಾ ಹುಟ್ಟಿದಾಗ ಪದ್ಮಿನಿಗೆ ಯಾರೂ ಎರೆದಿರಲಿಲ್ಲ. ಅಮ್ಮನಿಗೆ ವೀಸಾ ಸಿಗಲಿಲ್ಲ, ರಘುನಾಥ ಅನ್ನ ಸಾರು ಮಾಡಿಟ್ಟು ಆಫೀಸಿಗೆ ಹೋಗುತ್ತಿದ್ದ. ಹಸಿ ಮೈಯಲ್ಲಿ ಶವರಿನ ಕೆಳಗೆ ಒಬ್ಬಳೇ ನಿಂತು ಅತ್ತದ್ದನ್ನು ಅವಳು ಇವತ್ತಿಗೂ ಮರೆತಿಲ್ಲ. ನನ್ನ ಮಗಳಿಗೆ ಹಾಗಾಗಬಾರದು ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

ಆದರೆ ಮಗಳು ಕೊಟ್ಟದ್ದು ವಿಸಿಟಿಂಗ್ ಅವರ್ಸ್. ಮಧ್ಯಾಹ್ನ ಊಟವಾದ ಮೇಲೆ ಬರಬೇಕು, ಕಾಫಿ ಕುಡಿಯಬೇಕು, ಮೊಮ್ಮಗಳು ಇರಾಳನ್ನು ಎತ್ತಿಕೊಳ್ಳಬೇಕು, ಸಂಜೆಯಾಗುವ ಮೊದಲು ಎದ್ದು ಹೊರಡಬೇಕು. ಮಗಳ ಜೊತೆಗಾರ ಎಮಿಲ್ ಮಗುವಿನ ರಜೆ ಹಾಕಿ ಮನೆಯಲ್ಲೇ ಇದ್ದ. ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಅವನದೇ. ಬೈಯಲೂ ಒಂದು ನೆಪ ಕೊಡದಷ್ಟು ಒಳ್ಳೆಯವನು. ಅದೇ ಪದ್ಮಿನಿಯ ಸಂಕಟ.

"ಇವತ್ತು ಎಣ್ಣೆ ನೀರು ಹಾಕ್ಲೇನೇ?" ಎಂದು ಅವಳು ಕೇಳುವಳು.

"ಇವತ್ತು ಬೇಡಮ್ಮ, ಟಯರ್ಡ್ ಆಗಿದೀನಿ," ಎಂದು ನಿಖಿತಾ ಹೇಳುವಳು. ಮರುದಿನ ಅದೇ ಪ್ರಶ್ನೆ, "ನಾಳೆ ನೋಡಣ" ಎಂಬ ಉತ್ತರ. ಪದ್ಮಿನಿ ಎಣ್ಣೆ ಬಾಟಲಿಯನ್ನು ಚೀಲದಲ್ಲಿ ಹೊತ್ತುಕೊಂಡು ಬರುವುದು, ಹಾಗೇ ಹೊತ್ತುಕೊಂಡು ವಾಪಸ್ಸು ಹೋಗುವುದು.

ಹೋಟೆಲಿನ ತಿಂಡಿಯ ಕೋಣೆಯಲ್ಲಿ ಎಲ್ಲರೂ ಕೋಟು ಹಾಕಿದವರೇ, ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೊರಟವರು. ಒಂದು ಬೆಳಿಗ್ಗೆ ಅವಳು ರಘುನಾಥನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುವುದನ್ನೇ ಕಾಯುತ್ತಿದ್ದವನಂತೆ ಪಕ್ಕದ ಮೇಜಿನವನು ತಟ್ಟೆ ಸಮೇತ ಎದ್ದು ಬಂದ. ಬೆಂಗಳೂರಿನಿಂದ ಆಫೀಸಿನ ಕೆಲಸಕ್ಕೆ ಬಂದ ವೆಂಕಟರಮಣ ಎಂಬವನು.

"ಕನ್ನಡ ಕೇಳಿ ಎಷ್ಟ್ ಖುಷಿ ಆಯ್ತು ಮೇಡಂ! ನೀವೂ ಇಲ್ಲೇ ಉಳ್ಕೊಂಡಿದೀರಾ? ಏನ್ ಕೆಲಸ?"

"ಡೆಲಿವರಿ," ಎಂದಳು ಪದ್ಮಿನಿ. ಬಾಯಿಗೆ ಬಂದದ್ದೇ ಅದು.

"ಅಯ್ಯೋ ನಾನೂ ಡೆಲಿವರಿನೇ ಮೇಡಂ! ಕ್ಲೈಂಟ್ ಜೊತೆ ಕೂತು ಮಾಡ್ಕೊಡ್ಬೇಕು ಅಂತಾರೆ, ಬಂದ್ರೆ ಒಳಗೇ ಬಿಟ್ಕೊಳಲ್ಲ. ಎಲ್ಲಾ ರಿಮೋಟ್. ನಿಮ್ ಕ್ಲೈಂಟ್ ಹೆಂಗೆ?"

"ನಮ್ದೂ ಅಷ್ಟೇ," ಎಂದು ಪದ್ಮಿನಿ ಎದ್ದುಬಿಟ್ಟಳು. ಅವನು ಇನ್ನೊಂದು ಪ್ರಶ್ನೆ ಕೇಳಿದರೆ ಮಗಳಿರುವ ಊರಿನಲ್ಲಿ ತಾಯಿ ಹೋಟೆಲಿನಲ್ಲಿರುವ ಸಂಗತಿ ಹೊರಬೀಳುತ್ತಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. ಕಿಟಕಿಯಿಲ್ಲದ ರೂಮಿಗೆ ಮರಳಲು ಮನಸ್ಸಾಗದೆ, ಮಧ್ಯಾಹ್ನದವರೆಗೆ ಕಾಯುವ ತಾಳ್ಮೆಯೂ ಇಲ್ಲದೆ, ಸೀದಾ ಮಗಳ ಮನೆಯ ಬಸ್ಸು ಹತ್ತಿದಳು.

ಎಮಿಲ್ ಬಾಗಿಲು ತೆಗೆದವನು ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಒಳಗಿನಿಂದ ಘಮ್ಮೆಂದು ಕಾಯಿಸಿದ ಎಳ್ಳೆಣ್ಣೆಯ ವಾಸನೆ ಬಂತು. ನಡುಮನೆಯಲ್ಲಿ ಹಾಸಿದ ಚಾಪೆಯ ಮೇಲೆ ನಿಖಿತಾ ಕಣ್ಣು ಮುಚ್ಚಿ ಬೋರಲು ಮಲಗಿದ್ದಳು. ನಾರುಬಟ್ಟೆಯ ಜುಬ್ಬ ತೊಟ್ಟ, ನರೆಗೂದಲಿನ ಸ್ವೀಡಿಷ್ ಹೆಂಗಸೊಬ್ಬಳು ಮೊಣಕಾಲೂರಿ ಕೂತು ಅವಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಓ, ಅಜ್ಜಿ ಬಂದರು!" ಎಂದು ಆ ಹೆಂಗಸು ಸ್ವೀಡಿಷಿನಲ್ಲಿ ಹೇಳಿ ಎಣ್ಣೆಗೈಯಲ್ಲೇ ನಮಸ್ತೆ ಮಾಡಿದಳು. ಹೆಸರು ಉಲ್ರಿಕಾ. ಕೇರಳಕ್ಕೆ ಹೋಗಿ ಕಲಿತು ಬಂದಿದ್ದಾಳಂತೆ. ಬಾಣಂತಿಯರಿಗೆ ಎಣ್ಣೆಸ್ನಾನ ಮಾಡಿಸುವುದೇ ಅವಳ ಉದ್ಯೋಗವಂತೆ. ನಿಮ್ಮ ಸಂಸ್ಕೃತಿ ಎಷ್ಟು ಸುಂದರ, ತಾಯಂದಿರನ್ನು ನೀವು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೀರಿ ಎಂದು ಪದ್ಮಿನಿಗೇ ವಿವರಿಸಿದಳು. ಪದ್ಮಿನಿ ಹಲ್ಲು ಕಚ್ಚಿಕೊಂಡು ತಲೆಯಾಡಿಸಿದಳು. ಉಲ್ರಿಕಾ ಸಾಮಾನು ಕಟ್ಟಿಕೊಂಡು ಹೋಗುವವರೆಗೂ ಅವಳು ಕೋಟನ್ನು ಬಿಚ್ಚಲಿಲ್ಲ.

"ಟಯರ್ಡ್ ಅಂತಿದ್ಯಲ್ಲೇ," ಎಂದಳು ಆಮೇಲೆ. "ನಾನು ಬಾಟ್ಲಿ ಹಿಡ್ಕೊಂಡು ದಿನಾ ಬಂದು ಹೋಗ್ತಿದೀನಿ. ಊರವರೆಲ್ಲ ಮಾಡ್ಬಹುದು, ಹೆತ್ತವಳು ಮಾತ್ರ ಮಾಡ್ಬಾರ್ದಾ?"

"ಅಮ್ಮಾ, ನಾನು ಉಲ್ರಿಕಾನ ಬುಕ್ ಮಾಡಿದ್ದು ಮೂರನೇ ತಿಂಗಳಲ್ಲಿ. ನೀನು ಬರಲ್ಲ ಅಂದಿದ್ದೆ."

"ನಾನಾ? ಯಾವಾಗ ಅಂದೆ?"

"ನಾನು ಎಮಿಲ್ ಜೊತೆ ಮೂವ್ ಇನ್ ಆದಾಗ. ಕಿಚನ್‌ನಲ್ಲಿ ನಿಂತ್ಕೊಂಡು ನೀನೇ ಹೇಳ್ದೆ. 'ಮದುವೆ ಇಲ್ದೆ ಬಸುರಾದ್ರೆ ಬಾಣಂತನಕ್ಕೆ ನನ್ನ ಕರೀಬೇಡ, ನಾನು ಹೊಸ್ತಿಲು ತುಳಿಯಲ್ಲ' ಅಂತ. ಹೊಸ್ತಿಲು ಅಂದ್ರೆ ಏನು ಅಂತ ಅಪ್ಪನ್ನ ಕೇಳಿದೆ ನಾನು."

ಪದ್ಮಿನಿಗೆ ನಿಜಕ್ಕೂ ನೆನಪಿರಲಿಲ್ಲ. ಅಂದಿರಬಹುದು. ಅಂಥವನ್ನು ಎಷ್ಟೋ ಅಂದಿದ್ದಾಳೆ. ಅವಳ ಅಮ್ಮನೂ ಅವಳಿಗೆ ಅಂದಿದ್ದಳು, 'ನಿನ್ನ ಮುಖ ನೋಡಲ್ಲ' ಎಂದು ಬೆಳಿಗ್ಗೆ ಕೂಗಾಡಿ ಮಧ್ಯಾಹ್ನ ಕೈತುತ್ತು ಹಾಕಿದ್ದಳು. "ಕೋಪದಲ್ಲಿ ಅಂದ ಮಾತು ಕಣೇ ಅದು! ಅದನ್ನ ಯಾರಾದ್ರೂ ಹಿಡ್ಕೋತಾರಾ? ಬಂದಿದೀನಲ್ಲ ಈಗ!"

"ನೀನು ಹೇಳ್ದೆ, ನಾನು ನಂಬಿದೆ," ಎಂದಳು ನಿಖಿತಾ. ದನಿಯಲ್ಲಿ ಜಗಳವಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. "ಆಮೇಲೆ ತುಂಬಾ ಅತ್ತುಬಿಟ್ಟೆ. ಆಮೇಲೆ ಪ್ಲಾನ್ ಮಾಡಿದೆ. ಉಲ್ರಿಕಾ ಮುಟ್ಟಿದ್ರೆ ಏನೂ ಹೇಳಲ್ಲಮ್ಮ. ಸುಮ್ನೆ ಮಾಡ್ತಾಳೆ. ನಿನ್ನ ಕೈ ಬಂದ್ರೆ ಅದರ ಜೊತೆ ಮಾತು ಬರುತ್ತೆ. ಐ ಕಾಂಟ್. ಈಗ ಆಗಲ್ಲ ನನಗೆ."

ಪದ್ಮಿನಿ ಎರಡು ದಿನ ಹೋಟೆಲು ಬಿಟ್ಟು ಕದಲಲಿಲ್ಲ. ಬೆಳಕೋ ಕತ್ತಲೆಯೋ ತಿಳಿಯದ ಆ ರೂಮಿನಲ್ಲಿ ನಿಲುವಂಗಿ ತೊಟ್ಟು ಮಂಚದ ಮೇಲೆ ಕೂತು, ಮಗಳನ್ನೂ ಈ ದೇಶವನ್ನೂ ಮನಸಾರೆ ಬೈದಳು. ಆಡಿದ್ದನ್ನು ಆಡಿದ ಹಾಗೇ ನಂಬುವ ಜನ! ಮಾತಿನ ಒಳಗೆ ಇನ್ನೊಂದು ಮಾತಿರುತ್ತದೆಂಬುದನ್ನು ಇವಳಿಗೆ ಯಾರೂ ಕಲಿಸಲಿಲ್ಲವೇ? ಕಲಿಸಬೇಕಾಗಿದ್ದವಳು ತಾನೇ ಎಂಬುದು ಹೊಳೆದಾಗ ಬೈಗುಳ ನಿಂತುಹೋಯಿತು. ಸುಂಡ್‌ಬೀಬರ್ಯ್‌ಗೆ ವಾಪಸ್ಸು ಹೊರಟುಬಿಡುತ್ತೇನೆಂದು ರಘುನಾಥನಿಗೆ ಫೋನ್ ಮಾಡಿದರೆ, "ಎರಡು ದಿನ ಸುಮ್ನಿರೇ, ನಿನಗೆ ಬರದೇ ಇರೋದು ಅದೊಂದೇ," ಎಂದ ಅವನು.

ಮೂರನೆಯ ದಿನ ನಿಖಿತಾಳೇ ಫೋನ್ ಮಾಡಿದಳು. "ಅಮ್ಮಾ, ಉಲ್ರಿಕಾ ಹೇಳಿದ್ಲು, ಒಂದ್ಸಲ ಅಮ್ಮನ ಕೈಯಲ್ಲೇ ಮಾಡಿಸ್ಕೋ, ನಿಮ್ಮಿಬ್ಬರಿಗೂ ಒಳ್ಳೇದು ಅಂತ. ಬರ್ತೀಯಾ? ಬಟ್ ಮಾತು ಬೇಡ. ಪ್ಲೀಸ್. ಒಂದೂ ಬೇಡ."

ಹೆತ್ತ ಮಗಳನ್ನು ಮುಟ್ಟಲು ಆ ಜುಬ್ಬದವಳ ಶಿಫಾರಸು ಬೇಕಾಯಿತೇ ಎಂದು ಹೊಟ್ಟೆ ಉರಿಯಿತು. ಆದರೂ ಪದ್ಮಿನಿ ಹೋದಳು. ಹೋಗದೆ ಇರಲು ಅವಳಿಂದಾಗುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ತುಟಿ ಬಿಗಿಹಿಡಿಯುವುದನ್ನು ಅಭ್ಯಾಸ ಮಾಡಿದಳು.

ಎಮಿಲ್ ಬಚ್ಚಲುಮನೆಯನ್ನು ಬೆಚ್ಚಗೆ ಮಾಡಿಟ್ಟಿದ್ದ. ನಿಖಿತಾ ಗಿಡ್ಡ ಸ್ಟೂಲಿನ ಮೇಲೆ ಟವೆಲ್ ಸುತ್ತಿಕೊಂಡು ಬೆನ್ನು ತೋರಿಸಿ ಕೂತಳು. ಪದ್ಮಿನಿ ಬಾಗಿಲು ಹಾಕಿ ಚಿಲಕ ತಿರುಗಿಸಿ, ಎಣ್ಣೆಯನ್ನು ಅಂಗೈಯಲ್ಲಿ ತುಂಬಿಕೊಂಡು ನೆತ್ತಿಯ ಮೇಲೆ ಹೊಯ್ದು ಮೆಲ್ಲಗೆ ತಟ್ಟಿದಳು. ಮಗಳ ಭುಜ ಮೊದಲು ಬಿಗಿದುಕೊಂಡಿತು. ಆಮೇಲೆ ಇಳಿಯಿತು. ತಲೆ ತಾನಾಗಿ ಹಿಂದಕ್ಕೆ ವಾಲಿ ತಾಯಿಯ ಹೊಟ್ಟೆಗೆ ಒರಗಿತು. ಚಿಕ್ಕಂದಿನಲ್ಲಿ ಜಡೆ ಹಾಕಿಸಿಕೊಳ್ಳುವಾಗ ಹೀಗೇ ಒರಗಿ ನಿದ್ದೆ ಹೋಗುತ್ತಿದ್ದಳು. ಪದ್ಮಿನಿಗೆ ಕಣ್ಣು ತುಂಬಿ ಬಂತು. ಅವಳು ಇಷ್ಟು ಸುಖಪಟ್ಟು ಎಷ್ಟು ವರ್ಷವಾಗಿತ್ತೋ.

ಕುತ್ತಿಗೆ ಮುಗಿಸಿ ಬೆನ್ನಿಗೆ ಬಂದಳು. ಮೂಳೆಗಳು ಕೈಗೆ ಸಿಕ್ಕವು. ಬೆರಳಿನ ಸಂದಿಯಲ್ಲಿ ಮಗಳ ಕೂದಲು ಕಂತೆಕಂತೆಯಾಗಿ ಉದುರಿ ಬಂದಿತ್ತು. ತುಟಿಯನ್ನು ಎಷ್ಟು ಬಿಗಿಹಿಡಿದರೂ ಕರುಳು ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಮಾತಾಡಿಬಿಟ್ಟಿತು.

"ಅಯ್ಯೋ, ಹೆಂಗೆ ಸೊರಗಿಹೋಗಿದೀಯೇ. ಆ ಹುಡುಗ ನಿಂಗೆ ಹೊಟ್ಟೆಗಾದ್ರೂ ಹಾಕ್ತಾನೋ ಇಲ್ವೋ?"

ನಿಖಿತಾ ತಲೆಯನ್ನು ಮುಂದಕ್ಕೆ ತೆಗೆದುಕೊಂಡಳು.

"ಅದು ಹಂಗಲ್ಲ ಪುಟ್ಟಿ, ನಾನು..."

"ಥ್ಯಾಂಕ್ಸ್ ಅಮ್ಮ. ಸಾಕು."

"ಇನ್ನೂ ನೀರೇ ಎರೆದಿಲ್ವಲ್ಲೇ. ಎಣ್ಣೆತಲೇಲಿ ಹಿಂಗೇ ಎದ್ರೆ ಶೀತ ಆಗುತ್ತೆ ಕಣೇ. ಬಾಯಿ ಮುಚ್ಕೊಂಡಿರ್ತೀನಿ, ಆಣೆಗೂ."

ನಿಖಿತಾ ಟವೆಲನ್ನು ಬಿಗಿಯಾಗಿ ಸುತ್ತಿಕೊಂಡು, ಬಾಗಿಲಿನತ್ತ ತಿರುಗಿ ಸ್ವೀಡಿಷಿನಲ್ಲಿ ಕೂಗಿ ಹೇಳಿದಳು: "ಎಮಿಲ್, ಉಲ್ರಿಕಾಗೆ ಮೆಸೇಜ್ ಮಾಡು. ಇವತ್ತೇ ಬರಲು ಆಗುತ್ತದಾ ಕೇಳು. ಎಣ್ಣೆ ತೊಳೆಯಬೇಕು."

ಇಷ್ಟು ವರ್ಷ ಈ ದೇಶದಲ್ಲಿದ್ದ ಪದ್ಮಿನಿಗೆ ಅಷ್ಟು ಸ್ವೀಡಿಷ್ ಚೆನ್ನಾಗಿಯೇ ಅರ್ಥವಾಯಿತು. ಹೊರಗೆ ಹೋಗಲು ಚಿಲಕಕ್ಕೆ ಕೈ ಹಾಕಿದಳು. ಎಣ್ಣೆಗೈ, ಜಾರಿತು. ಸೆರಗಿನಲ್ಲಿ ಒರೆಸಿಕೊಂಡು ತಿರುಗಿಸಿದರೂ ಜಾರಿತು. ಕೊನೆಗೆ ಎಮಿಲ್ ಹೊರಗಿನಿಂದ ನಾಣ್ಯವೊಂದನ್ನು ಚಿಲಕದ ಸೀಳಿಗೆ ತೂರಿಸಿ, ತಿರುಗಿಸಿ ಬಾಗಿಲು ತೆಗೆದ, ಅವಳು ದಾಟಿ ಹೋಗುವವರೆಗೆ ಬಹಳ ಮರ್ಯಾದೆಯಿಂದ ಹಿಡಿದುಕೊಂಡು ನಿಂತ.