ಎಂಟು ದಿನದ ಪಥ್ಯ

ಮಧ್ಯಾಹ್ನ ಎರಡೂವರೆಗೆ ಹೈಸ್ಕೂಲಿನ ಸಿಪಾಯಿ ಜಕ್ಕಪ್ಪ ಸೈಕಲ್ ಮೇಲೆ ತೋಟಕ್ಕೆ ಬಂದು, ಹತ್ತನೆಯ ಇಯತ್ತೆಯ ಹುಡುಗನೊಬ್ಬ ಶಾಲೆಯಲ್ಲಿ ಕುಡಿದು ಸಿಕ್ಕಿದ್ದಾನೆಂದು ಹೇಳಿದ. ಅಂದು ಸೋಮವಾರ, 1996ರ ಅಕ್ಟೋಬರ್ ಇಪ್ಪತ್ತೆಂಟು. ದಸರೆ ಸೂಟಿ ಮುಗಿದು ಶಾಲೆ ತೆರೆದ ಮೊದಲ ದಿನ.

ಬಾಬಾಸಾಹೇಬ ದ್ರಾಕ್ಷಿ ಸಾಲಿನ ತುದಿಯಲ್ಲಿ ಕೂತು ತಂತಿ ಬಿಗಿಯುತ್ತಿದ್ದ. ಪಕ್ಕಡ ಕೈಯಲ್ಲೇ ನಿಂತಿತು.

"ಯಾರ ಹುಡುಗ?"

"ಕುರುಬರ ಲಗಮವ್ವನ ಮಗಾರಿ. ಮಾಳಸಿದ್ದ."

ಬಾಬಾಸಾಹೇಬ ಪಕ್ಕಡವನ್ನು ಮತ್ತೆ ತಂತಿಗೆ ಹಾಕಿದ. ಅವನ ಮಗ ಭೀಮಗೊಂಡನೂ ಅದೇ ಇಯತ್ತೆಯಲ್ಲಿದ್ದ.

"ಹೆಡ್ ಮಾಸ್ತರು ಈಗಿಂದೀಗ ಕರಕೊಂಡ ಬಾ ಅಂದಾರ್ರಿ. ಚೇರಮನ್ರು ಬರೂತನಕ ಹುಡುಗನ್ನ ಕಳಸಂಗಿಲ್ಲಂತ."

ಶಾಲೆಯ ಆಡಳಿತ ಕಮಿಟಿಗೆ ಬಾಬಾಸಾಹೇಬ ಚೇರಮನ್ ಆಗಿ ನಾಲ್ಕನೆಯ ವರ್ಷ. ಕಟ್ಟಡದ ಮೇಲಿನ ತಗಡು ಹಾರಿಹೋದಾಗ, ಗಣಿತದ ಮಾಸ್ತರರ ಬದಲಿಯಾದಾಗ ಅವನನ್ನು ಕರೆಯುತ್ತಿದ್ದರು. ಇಂಥದಕ್ಕೆ ಕರೆದಿದ್ದು ಇದೇ ಮೊದಲು. ಅವನು ಜೀಪು ತೆಗೆದ. ಎರಡೂ ಬದಿಗೆ ಛಾಟಣಿಯಾದ, ಟೊಂಗೆ ಕತ್ತರಿಸಿದ ಬಳ್ಳಿಗಳು ಒಂದೂ ಎಲೆಯಿಲ್ಲದೆ ತಂತಿಗೆ ಆತುಕೊಂಡಿದ್ದವು. ಮೊಗ್ಗು ಒಡೆಯಲೆಂದು ಹಚ್ಚಿದ ಔಷಧದ ಕೆಂಪು ಬಣ್ಣ ಪ್ರತಿ ಕಣ್ಣಿನ ಮೇಲೂ ಒಣಗಿತ್ತು. ಹಚ್ಚಿದ್ದು ಯಾವುದು, ಬಿಟ್ಟಿದ್ದು ಯಾವುದು ತಿಳಿಯಲೆಂದು ಬಣ್ಣ ಬೆರೆಸುತ್ತಿದ್ದರು. ಮೇಲಿನ ತುಂಡಿನ ಹತ್ತಿಪ್ಪತ್ತು ಸಾಲು ಮಾತ್ರ ಇನ್ನೂ ಉಳಿದಿದ್ದವು.

ಹುಡುಗ ಧ್ವಜದ ಕಂಬದ ಬಳಿ ಬಿಸಿಲಿನಲ್ಲಿ ನಿಂತಿದ್ದ. ಎಲ್ಲ ಇಯತ್ತೆಗಳ ಕಿಟಕಿಗಳಿಂದ ಕಾಣುವ ಜಾಗ ಅದು. ಜೀಪಿನ ಸದ್ದಿಗೆ ಅವನು ತಲೆಯೆತ್ತಿದ. ಕತ್ತು, ಕಿವಿ, ಕೆನ್ನೆ ಎಲ್ಲ ಕೆಂಡದಂತೆ ಕೆಂಪಗಿದ್ದವು. ಬಾಬಾಸಾಹೇಬ ಬಿಸಿಲಿಗೆ ಹಾಗಾಗಿರಬೇಕೆಂದುಕೊಂಡು ಒಳಗೆ ಹೋದ.

ಹೆಡ್ ಮಾಸ್ತರ ಶಾಂತಿನಾಥ ಉಪಾಧ್ಯೆ ಬೀಡಿಯ ಹೊಗೆಯನ್ನೂ ಸಹಿಸದ ಮನುಷ್ಯ. ಟೇಬಲ್ಲಿನ ಆ ತುದಿಯಲ್ಲಿ ಬಾಟಲಿ ಇಟ್ಟು ಈ ತುದಿಯಲ್ಲಿ ಕೂತಿದ್ದರು.

"ನೋಡ್ರಿ ಸಾವಕಾರ್ರ. ಮಧ್ಯಾಹ್ನದ ಸೂಟ್ಯಾಗ ಬಾವಿ ಹಿಂದ ಕುಂತ ಕುಡದ ಬಂದಾನ. ವರ್ಗದಾಗ ಕಾಲಿಡೂದಕ್ಕ ಜೋಲಿ ಹೊಡದಾ. ಅಂವನ ಮಾರಿ ನೋಡಿದ್ರಿಲ್ಲೋ? ಏನ್ ಪರಿ ಏರೈತಿ."

ಬಾಬಾಸಾಹೇಬ ಬಾಟಲಿ ನೋಡುತ್ತಿದ್ದ. ಜತ್ತದ ಕಡೆಯಿಂದ ಬರುವ ದೇಶಿ ದಾರುವಿನ ಕ್ವಾರ್ಟರು, ಕಿತ್ತಳೆ ವಾಸನೆಯದು. ಬೂಚು ಇರಲಿಲ್ಲ. ಬಾಯಿಗೆ ಗೋವಿನಜೋಳದ ಬೆಂಡಿನ ತುಂಡೊಂದನ್ನು ಒತ್ತಿ ತುರುಕಲಾಗಿತ್ತು.

ಆ ಬೆಂಡನ್ನು ತುರುಕಿದವನು ಅವನೇ.

ಹೋದ ಬುಧವಾರ ಔಷಧ ಹಚ್ಚಲು ಶುರುಮಾಡುವ ಮುಂಚೆ ಅವನು ಆಳುಗಳನ್ನೆಲ್ಲ ಪಂಪಿನ ಮನೆಯ ಮುಂದೆ ಕೂರಿಸಿ ಪಥ್ಯ ಹೇಳಿದ್ದ. ಔಷಧ ಮುಟ್ಟಿದವರು ಎಂಟು ದಿನ ಸೆರೆ ಕುಡಿಯಕೂಡದು. ಒಂದು ಗುಟುಕು ಹಾಕಿದರೂ ಮೈ ಕೆಂಪಗಾಗಿ, ಎದೆ ಹೊಡೆದುಕೊಂಡು, ಉಸಿರು ಸಿಕ್ಕಿಬೀಳುತ್ತದೆ. ಹಾಗೆ ಹೇಳುವಾಗಲೇ ಮುರಗೆಪ್ಪನ ಸೊಂಟದಲ್ಲಿ ಬಾಟಲಿ ಕಂಡಿತ್ತು. "ತಗೀ ಇಲ್ಲಿ" ಎಂದು ಕಸಿದುಕೊಂಡಾಗ ಮುರಗೆಪ್ಪ, "ಹಂಗಿದ್ರ ನಾ ಔಷಧ ಮುಟ್ಟೂದ ಇಲ್ರಿ ಸಾವಕಾರ್ರ, ನೀರ ಹಾಯಿಸ್ಕೋಂತ ಇರ್ತೀನಿ, ಅದನ್ನ ಇತ್ಲಾಗ ಕೊಡ್ರಿ" ಅಂದ. ಹೆಂಗಸರೂ ನಕ್ಕರು. "ಎಂಟು ದಿನ ಆದಮ್ಯಾಲ ಬಂದ ಒಯ್ಯಿ" ಎಂದು ಬಾಬಾಸಾಹೇಬ ಅದನ್ನು ಪಂಪಿನ ಮನೆಯ ಗೋಡೆಗೂಡಿನಲ್ಲಿಟ್ಟಿದ್ದ. ಎಳೆದಾಟದಲ್ಲಿ ಬೂಚು ಎಲ್ಲೋ ಬಿದ್ದಿತ್ತು, ಅದಕ್ಕೇ ಬೆಂಡು.

ಮರುದಿನ ಆಳು ಸಾಲದಾಗ ಸೂಟಿಯಲ್ಲಿದ್ದ ಶಾಲೆಯ ಹುಡುಗರು ಬಂದರು. ಮಾಳಸಿದ್ದನೂ ಬಂದ. ನಿನ್ನೆ ಸಂಜೆಯವರೆಗೂ ಹಚ್ಚಿದ್ದ. ಅವರ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿ, ಕಣ್ಣು ತಿಕ್ಕಬ್ಯಾಡ್ರಿ, ಉಣ್ಣೂ ಮುಂಚೆ ಸಾಬಾಣ ಹಚ್ಚಿ ತೊಳೀರಿ ಎಂದೆಲ್ಲ ಬಾಬಾಸಾಹೇಬ ಹೇಳಿದ್ದ. ಪಥ್ಯದ ಮಾತು ಮಾತ್ರ ಹೇಳಿರಲಿಲ್ಲ. ಮೀಸೆ ಮೂಡದ ಹುಡುಗರ ಮುಂದೆ ಸೆರೆಯ ಹೆಸರೆತ್ತುವುದು ಹೇಗೆ? ಅವನ ಮನೆಯಲ್ಲಿ ಮಕ್ಕಳ ಕಿವಿಗೆ ಆ ಶಬ್ದ ಬೀಳದಂತೆ ನೋಡಿಕೊಳ್ಳುತ್ತಿದ್ದರು.

"ಬಾಟ್ಲಿ ಎಲ್ಲಿಂದ ತಂದಿ ಅಂದ್ರ ಬಾಯಿ ಬಿಡವಲ್ಲ" ಎಂದರು ಶಾಂತಿನಾಥ ಮಾಸ್ತರರು. "ನಾ ಒಂದ ಗುಟುಕ ಹಾಕೇನ್ರಿ ಅಂತಾನ. ಬಾಟ್ಲಿ ನೋಡಿದ್ರ ಮುಕ್ಕಾಲ ಖಾಲಿ. ಉಳಿದದ್ದ ಯಾರ ಕುಡದ್ರಲೇ ಅಂದ್ರ ನೆಲಾ ನೋಡ್ತಾನ. ಇನ್ನೊಬ್ಬ ಇದ್ದಾನ, ಖಾತ್ರಿ. ಅವನ ಹೆಸರ ಹೇಳೂತನಕ ಅಲ್ಲೇ ನಿಲ್ಲಲಿ. ಹೇಳಲಿಲ್ಲಂದ್ರ ನಾಳಿಗೇ ಎಲ್.ಸಿ. ಕೈಯಾಗ ಕೊಟ್ಟ ಸಾಲಿ ಬಿಡಸೂದು. ಏನಂತೀರಿ?"

ಪಂಪಿನ ಮನೆಯ ಕೀಲಿ ಎರಡೇ ಇದ್ದವು. ಒಂದು ಬಾಬಾಸಾಹೇಬನ ಉಡುದಾರದಲ್ಲಿತ್ತು. ಇನ್ನೊಂದನ್ನು ಮೋಟಾರು ಹಾಕಲೆಂದು ಭೀಮಗೊಂಡನಿಗೆ ಕೊಟ್ಟಿದ್ದ.

ಪಕ್ಕದ ಕೋಣೆಯಲ್ಲಿ ಯಾರೋ ಇತಿಹಾಸದ ಪಾಠ ಓದಿಸುತ್ತಿದ್ದರು. ಬಾಬಾಸಾಹೇಬ ಲೆಕ್ಕ ಹಾಕಿದ. ಒಂದು ಗುಟುಕು ತಾನೆ, ಇಳಿದುಹೋದೀತು. ಸ್ವಲ್ಪ ಹೊತ್ತು ನೆರಳಲ್ಲಿ ಮಲಗಿಸಿ ಅಂದರೆ ಸಾಕು, ಬೇರೇನೂ ಹೇಳಬೇಕಿಲ್ಲ. ಹೇಳಿದರೆ ಬಾಟಲಿ ಹೊರಬೀಳುತ್ತದೆ, ಮಗ ಹೊರಬೀಳುತ್ತಾನೆ, ಶಾಲೆಯ ಚೇರಮನ್ ಶಾಲೆಯ ಹುಡುಗರ ಕೈಯಿಂದ ವಿಷ ಹಚ್ಚಿಸಿದ್ದು ಊರಿಗೆಲ್ಲ ಗೊತ್ತಾಗುತ್ತದೆ. ಹೋದ ವರ್ಷ ಆಚೆ ಊರಿನ ತೋಟದಲ್ಲಿ ಒಬ್ಬ ಆಳು ಔಷಧ ಹಚ್ಚಿ, ಸಂಜೆ ಕುಡಿದು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಕುಡಿದು ಸತ್ತ ಅಂದರು ಮನೆಯವರು. ತೋಟದವರು ಹೌದೆಂದರು.

ಕಿಟಕಿಯಾಚೆ ಮಾಳಸಿದ್ದ ಎರಡೂ ಕೈಯಿಂದ ಕಂಬ ಹಿಡಿದುಕೊಂಡ. ಆಮೇಲೆ ಕಂಬಕ್ಕೆ ಹಣೆ ಆನಿಸಿದ. ಮೊಣಕಾಲು ಮಡಚಿಕೊಂಡವು.

"ನಾಟಕ ಮಾಡತಾನ" ಎಂದರು ಮಾಸ್ತರರು. ಆದರೆ ಅವರ ದನಿಯೂ ಗಟ್ಟಿ ಇರಲಿಲ್ಲ.

ಬಾಬಾಸಾಹೇಬ ಎದ್ದ ಭರಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಮಾಸ್ತರ, ಅಂವಗ ದಾರು ಏರಿಲ್ಲ. ಔಷಧ ಏರೈತಿ. ನನ್ನ ತ್ವಾಟದ ಔಷಧ. ಎತ್ತರಿ ಅಂವನ್ನ, ಅಥಣಿಗೆ ಒಯ್ಯೂನು."

"ಔಷಧ ಕುಡದಾನ?"

"ಕುಡದಿಲ್ರಿ. ಹಚ್ಯಾನ. ಎತ್ತರಿ ಮೊದಲ."

ಜಕ್ಕಪ್ಪ ತೋಳು ಹಿಡಿದ, ಬಾಬಾಸಾಹೇಬ ಕಾಲು ಹಿಡಿದ. ಹುಡುಗ ಇಷ್ಟು ಹಗುರವಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಮೈ ಸುಡುತ್ತಿತ್ತು. ಎದೆಯ ಬಡಿತ ಅಂಗಿಯ ಮೇಲೇ ಕಾಣುತ್ತಿತ್ತು. ಉಗುರಿನ ಸಂದಿಗಳಲ್ಲಿ ಕೆಂಪು ಬಣ್ಣ ಉಳಿದಿತ್ತು. ಅಷ್ಟೂ ಕಿಟಕಿಗಳಲ್ಲಿ ಮುಖಗಳು ತುಂಬಿದ್ದವು. ಹತ್ತನೆಯ ಇಯತ್ತೆಯ ಕಿಟಕಿಯಲ್ಲಿ ಭೀಮಗೊಂಡ ಇದ್ದ.

"ಇಳದ ಬಾ" ಎಂದ ಬಾಬಾಸಾಹೇಬ.

ಮಗ ಬಂದು ಜೀಪಿನ ಹಿಂದೆ ಹತ್ತಿ, ಮಾಳಸಿದ್ದನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವನು ಹಾದುಹೋದಾಗ ಕಿತ್ತಳೆಯ ವಾಸನೆ ಬಂತು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ದಿನಾ ಬೆಳಿಗ್ಗೆ ಎದ್ದಾಗ ಹೇಗಿರುತ್ತಾನೋ ಹಾಗೇ ಇದ್ದ. ಲಗಮವ್ವನನ್ನು ಮುಂದಿನ ಬಸ್ಸಿಗೆ ಕರೆತರುವಂತೆ ಜಕ್ಕಪ್ಪನಿಗೆ ಹೇಳಿ ಬಾಬಾಸಾಹೇಬ ಗಾಡಿ ಬಿಟ್ಟ. ಶಾಂತಿನಾಥ ಮಾಸ್ತರರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಂದು ಪಕ್ಕದಲ್ಲಿ ಕೂತರು.

ಜೀಪು ತೆಲಸಂಗ ದಾಟಿತು. ರಸ್ತೆಯ ಗುಂಡಿಗಳಲ್ಲಿ ಜೀಪು ಹಾರಿದಾಗೆಲ್ಲ ಹಿಂದಿನಿಂದ ಉಬ್ಬಸದ ಸದ್ದು ಬರುತ್ತಿತ್ತು. ಆ ಸದ್ದು ಬರುತ್ತಿರುವವರೆಗೆ ಬಾಬಾಸಾಹೇಬ ಮುಂದೆ ನೋಡುತ್ತಿದ್ದ. ನಿಂತಾಗ ಕನ್ನಡಿಯಲ್ಲಿ ನೋಡುತ್ತಿದ್ದ.

"ಮಾಸ್ತರ್ರ" ಎಂದ ಮಾಳಸಿದ್ದ. ಮಾತು ಒಡೆದೊಡೆದು ಬಂತು. "ಎಲ್.ಸಿ. ಕೊಡ್ತೀರೇನ್ರಿ?"

ಮಾಸ್ತರರು ಹಿಂದಕ್ಕೆ ಕೈ ಚಾಚಿ ಹುಡುಗನ ಕಾಲು ಹಿಡಿದುಕೊಂಡರು. "ಸುಮ್ಮ ಮಲಗಪಾ. ಮಾತಾಡಬ್ಯಾಡ."

"ಅಪ್ಪಾ ಕುರಿ ಕಟಗೊಂಡ ಹೊಳಿ ಆಚೆ ಹೋಗ್ಯಾನ್ರಿ. ಅವ್ವಗ ಹೇಳಬ್ಯಾಡ್ರಿ."

"ಅಂವಾ ಒಲ್ಲೆ ಅಂದಿದ್ದ" ಎಂದ ಭೀಮಗೊಂಡ, ಒಮ್ಮೆಲೇ. "ಹುಡಿಗ್ಯಾರಗತೆ ಮಾಡತೀ ಅಂತ ನಾನ ಕಾಡಿಸಿದ್ಯ. ಅಂವಾ ಒಂದ ಗುಟುಕ ಹಾಕಿದಾ. ಉಳಿದದ್ದ ನಾ ಕುಡದ್ಯ."

ಬಾಬಾಸಾಹೇಬ ಗೇರು ಬದಲಿಸಿದ. ಮಾಸ್ತರರು ತಿರುಗಿ ಅವನ ಮುಖ ನೋಡಿದರು.

ಅಥಣಿಯ ಡಾಕ್ಟರು ಮೊದಲು ಹುಡುಗನ ಬಾಯಿ ಮೂಸಿದರು. ಬಾಬಾಸಾಹೇಬ ಔಷಧದ ಹೆಸರು ಹೇಳಿದ. ಯಾವಾಗ ಹಚ್ಚಿದ್ದು, ಎಷ್ಟು ದಿನ ಹಚ್ಚಿದ್ದು, ಕೈಗೆ ಏನು ಕಟ್ಟಿದ್ದು ಎಂದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿ, ಸಿಸ್ಟರಿಗೆ ಸಲೈನ್ ಹಚ್ಚಲು, ಆಕ್ಸಿಜನ್ ತರಲು ಹೇಳಿದರು.

"ಬಿ.ಪಿ. ಭಾಳ ಇಳದೈತಿ. ಇದಕ್ಕ ಉತಾರ ಅಂತ ಬ್ಯಾರೆ ಔಷಧ ಇಲ್ಲ. ಹೊತ್ತ ಕಳಿಯೂತನಕ ಹಿಡದ ನಿಲ್ಲಸೂದು, ಅಷ್ಟ."

"ಉಳೀತಾನಿಲ್ರಿ?"

"ಈಗ ಹೇಳಾಕ ಬರೂದಿಲ್ಲ. ಕುಡದ ಬಿದ್ದಾನ ಅಂತ ಮಲಗಿಸಿ ಬಿಟ್ಟಿದ್ರ ಕೇಳೂದ ಬರ್ತಿದ್ದಿಲ್ಲ."

ಮಾಸ್ತರರು ಗೋಡೆಯ ಕಡೆ ತಿರುಗಿದರು.

ಹೊತ್ತು ಮುಳುಗುವ ಸುಮಾರಿಗೆ ಲಗಮವ್ವ ಬಂದಳು. ಆಡು ಕಟ್ಟಿಹಾಕಿ ಬಂದ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. ಮಗನ ಮೂಗಿನ ಮೇಲಿದ್ದ ಮುಖವಾಡವನ್ನೂ, ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನೂ ನೋಡಿದಳು. ಅಳಲಿಲ್ಲ. ಮಗನ ಪಾದ ಮುಟ್ಟಿ ನೋಡಿ ಹೊರಗಿನ ಬಾಕಿನ ಬಳಿ ಬಂದಳು. ಅಲ್ಲಿ ಭೀಮಗೊಂಡ ಕೂತಿದ್ದ. ಅವನ ಹತ್ತಿರ ಬಗ್ಗಿ, ನೆಟ್ಟಗಾದಳು.

"ಯಪ್ಪಾ, ನೀನೂ ಕುಡದೀಯೇನ?"

"ಹೌದ್ರಿ ದೊಡ್ಡವ್ವ. ಅಂವಗಿಂತ ಹೆಚ್ಚ ಕುಡದೀನ್ರಿ."

ಲಗಮವ್ವ ಬಾಬಾಸಾಹೇಬನ ಕಡೆ ತಿರುಗಿದಳು.

"ಒಂದ ಬಾಟ್ಲ್ಯಾಗಿಂದ ಇಬ್ಬರು ಕುಡದಾರ. ನಿಮ್ಮಂವ ಕುಂತಾನ, ನನ್ನಂವ ಮಲಗ್ಯಾನ. ಹೆಂಗರಿ ಇದು ಸಾವಕಾರ್ರ?"

"ನಿನ್ನ ಮಗ ತ್ವಾಟದಾಗ ಔಷಧ ಹಚ್ಯಾನಬೇ. ಅದನ್ನ ಮುಟ್ಟಿದಾಂವ ಕುಡದ್ರ ಹಿಂಗಾಗ್ತೈತಿ."

"ನಿಮ್ಮಂವ ಹಚ್ಚಿಲ್ರ್ಯಾ?"

ಔಷಧದ ಬಕೀಟಿನ ಹತ್ರ ಹಾಯಬ್ಯಾಡ, ನೀ ಮೋಟಾರು ನೋಡಿಕೋ ಎಂದು ಮಗನಿಗೆ ಹೇಳಿದ್ದು ಬಾಬಾಸಾಹೇಬನಿಗೆ ನೆನಪಿತ್ತು. ಪಕ್ಕದಲ್ಲಿ ಭೀಮಗೊಂಡ ತಲೆ ಎತ್ತಿ ಕಾಯುತ್ತಿದ್ದ.

"ಇಲ್ಲ" ಎಂದ. "ಇವನ್ನ ನಾ ಹಚ್ಚಾಕ ಬಿಟ್ಟಿದ್ದಿಲ್ಲ."

ಲಗಮವ್ವ ಒಳಗೆ ಹೋಗಿ ಮಗನ ಕಾಲ ಬಳಿ ನೆಲದ ಮೇಲೆ ಕೂತಳು.

ಬೆಳಗಿನ ಜಾವ ಮಾಳಸಿದ್ದನ ಬಿ.ಪಿ. ಏರಿತು. ಬುಧವಾರ ಅವನು ಊರಿಗೆ ಬಂದ. ಗುರುವಾರ ಕಮಿಟಿ ಕೂತಾಗ ಶಾಂತಿನಾಥ ಮಾಸ್ತರರು, ಕಳಿಸುವುದಾದರೆ ಇಬ್ಬರನ್ನೂ ಕಳಿಸಬೇಕು, ಇಟ್ಟುಕೊಳ್ಳುವುದಾದರೆ ಇಬ್ಬರನ್ನೂ ಇಟ್ಟುಕೊಳ್ಳಬೇಕು ಎಂದರು. ಒಂದು ವಾರ ವರ್ಗಕ್ಕೆ ಬರುವಂತಿಲ್ಲ, ಅಷ್ಟು ದಿನವೂ ಸಂಜೆ ಮಾಸ್ತರರ ಮನೆಗೆ ಬಂದು ಓದಬೇಕು ಎಂದಾಯಿತು. ಚೇರಮನ್‌ಗೆ ಏನು ಶಿಕ್ಷೆ ಎಂದು ಯಾರೂ ಕೇಳಲಿಲ್ಲ. ಹುಡುಗನನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದರ ಮಾತನ್ನೂ ಯಾರೂ ಎತ್ತಲಿಲ್ಲ. ಮೇಲಿನ ತುಂಡಿನ ಉಳಿದ ಸಾಲುಗಳಿಗೆ ಬಾಬಾಸಾಹೇಬ ತಾನೇ ಔಷಧ ಹಚ್ಚಿದ.

ಹುಡುಗರು ಶಾಲೆಗೆ ಮರಳಿದ ದಿನ ಅವನು ಪ್ರಾರ್ಥನೆಯ ಹೊತ್ತಿಗೆ ಹೋಗಿ ಧ್ವಜದ ಕಂಬದ ಬಳಿ ನಿಂತ. ಮಾಸ್ತರರು ಮಕ್ಕಳನ್ನು ಸುಮ್ಮನಿರಿಸಿದರು. ಪಂಪಿನ ಮನೆಯ ಮುಂದೆ ಆಳುಗಳಿಗೆ ಹೇಳಿದ್ದನ್ನೇ ಅವನು ಮೊದಲಿನಿಂದ ಹೇಳಿದ. ಸೆರೆ ಎನ್ನುವ ಮಾತು ಬಂದಾಗ ದನಿ ಇಳಿಯಿತು. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಮಾಸ್ತರರು ಕೈ ಮಾಡಿ ತೋರಿಸಿದಾಗ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ.

"ಸೂಟ್ಯಾಗ ಯಾರ ಯಾರ ಔಷಧ ಹಚ್ಚಾಕ ಹೋಗಿದ್ರಿ?" ಎಂದು ಕೇಳಿದ. "ಯಾರ ತ್ವಾಟಕ್ಕಾದ್ರೂ ಇರಲಿ. ಕೈ ಎತ್ತರಿ."

ಯಾರೂ ಎತ್ತಲಿಲ್ಲ. ಆಮೇಲೆ ಮಾಳಸಿದ್ದ ಎತ್ತಿದ. ಅವನ ಹಿಂದೆ ಇನ್ನೊಂದು ಕೈ ಎದ್ದಿತು, ಎಂಟನೆಯ ಇಯತ್ತೆಯ ಸಾಲಿನಲ್ಲಿ ನಾಲ್ಕೈದು, ಹುಡುಗಿಯರ ಸಾಲಿನಲ್ಲೂ ಒಂದೊಂದಾಗಿ ಎದ್ದವು. ಭೀಮಗೊಂಡ ಎರಡೂ ಕೈ ಕೆಳಗೆ ಬಿಟ್ಟುಕೊಂಡು ಮಾಳಸಿದ್ದನ ಪಕ್ಕದಲ್ಲಿ ನಿಂತಿದ್ದ.