ನೂಲಿನ ಗಿರಣಿಯ ಲಾಂಛನ

ಗೋಡೆ, ನೆಲ, ಹಿಟ್ಟಿನ ಡಬ್ಬ ಯಾವುದನ್ನೂ ಬಿಡದೆ ಗೀಚುತ್ತಿದ್ದುದಕ್ಕೆ ಸೋದರತ್ತೆ ಅವಳಿಗಿಟ್ಟ ಹೆಸರು ಗೀಚಿ. ನಲವತ್ತು ದಾಟಿದರೂ ಆ ಹೆಸರು ಅಳಿದಿರಲಿಲ್ಲ. ಗೀಚುವುದೇ ಹೊಟ್ಟೆಪಾಡೂ ಆಗಿತ್ತು. ಮುಚ್ಚಿಹೋದ ನೂಲಿನ ಗಿರಣಿಯಲ್ಲಿ ಊರವರು ‘ಪರಂಪರೆ ವಾರ’ ನಡೆಸುವವರಿದ್ದರು. ಲಾಂಛನ, ಭಿತ್ತಿಪತ್ರ, ಕೈಚೀಲದ ಚಿತ್ರ ಎಲ್ಲವನ್ನೂ ನೀವೇ ಬರೆದುಕೊಡಿ ಎಂದು ಸಮಿತಿಯ ಕಾರ್ಯದರ್ಶಿ ಕೇಳಿದಾಗ, ಯಾರನ್ನು ಬರೆಯಬೇಕೆಂದು ಅವಳು ಯೋಚಿಸಲೇ ಇಲ್ಲ.

ತಾಯಿಯಿಲ್ಲದ ಅವಳನ್ನು ಸಾಕಿದ ಅತ್ತೆ ಆ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಎಡಗೈಯ ಎರಡು ಬೆರಳು ಯಂತ್ರದ ಪಾಲಾಗಿದ್ದವು. ಹತ್ತಿಯ ಧೂಳು ಎದೆಯಲ್ಲಿ ಕೂತು ಈಗ ಎರಡು ಮಾತಿಗೊಂದು ಕೆಮ್ಮು.

“ನನ್ ಮೋರೆ ಹಾಕ್ತೀಯಾ? ಬರೋ ಜನಾನೂ ಅರ್ಧ ದಾರೀಲೇ ವಾಪಸ್ ಹೋಗ್ತಾರೆ ಕಣೇ!” ಎಂದು ಅತ್ತೆ ನಕ್ಕಳು. ಆದರೂ ತಲೆ ಬಾಚಿಕೊಂಡು ಬಂದು ಕಿಟಕಿಯ ಪಕ್ಕ ಅಲುಗಾಡದೆ ಕೂತಳು.

ಮೂರು ದಿನದಲ್ಲಿ ಚಿತ್ರ ಮುಗಿಯಿತು. ಬಾಯಿಗೆ ಬಟ್ಟೆ ಕಟ್ಟಿ, ನೂಲು ಸುತ್ತುವ ಕದಿರುಗಳ ಸಾಲಿನ ನಡುವೆ ನಿಂತು, ಕಡಿದ ನೂಲಿಗೆ ಮೂರೇ ಬೆರಳಲ್ಲಿ ಗಂಟು ಹಾಕುತ್ತಿರುವ ಹೆಂಗಸು. ಇಷ್ಟು ಚೆನ್ನಾಗಿ ತಾನೆಂದೂ ಬರೆದಿರಲಿಲ್ಲ ಎಂದು ಗೀಚಿಗೇ ಗೊತ್ತಿತ್ತು.

ಕಾರ್ಯದರ್ಶಿ ಕೆಟ್ಟ ಮನುಷ್ಯನೇನಲ್ಲ. ಬಹಳ ಹೊತ್ತು ನೋಡಿದರು. “ತುಂಬಾ ಚೆನ್ನಾಗಿದೆ. ಆದ್ರೆ ಆ ಬಟ್ಟೆ ತೆಗೀಬಹುದಾ? ನೋಡಿದ್ರೆ ಆಸ್ಪತ್ರೆ ನೆನಪಾಗುತ್ತೆ.”

ತೆಗೆದಳು. ಬಾಯಿ ಬಿಗಿದುಕೊಂಡಿದೆ, ಸ್ವಲ್ಪ ನಗಲಿ ಎಂದರು. ನಗಿಸಿದಳು. ಮರುವಾರ ಬೆರಳಿನ ಮಾತು ಬಂತು.

“ಮಕ್ಕಳೂ ಬರ್ತಾರಲ್ವಾ, ಹೆದರ್ಕೋತಾರೆ.”

“ಅವು ಹೋಗಿದ್ದೇ ಆ ಗಿರಣೀಲಿ ಸಾರ್.”

“ನಂಗೆ ಅರ್ಥ ಆಗುತ್ತಮ್ಮಾ. ಸಮಿತಿಯವರಿಗೆ ಏನು ಹೇಳ್ಲಿ?”

ಕೆಲಸ ಬಿಟ್ಟು ಬರಬಹುದಿತ್ತು. ಬೇರೆಯವರ ಕೈಗೆ ಹೋದರೆ ಅತ್ತೆ ಪೂರ್ತಿ ಮಾಯವಾಗುತ್ತಾಳೆ, ತನ್ನ ಕೈಯಲ್ಲಿದ್ದರೆ ಕಣ್ಣಾದರೂ ಉಳಿದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಐದೂ ಬೆರಳು ಬರೆದಳು. ಕೊನೆಗೆ ಕಣ್ಣ ಸುತ್ತಲಿನ ಸುಕ್ಕೂ ಹೋಯಿತು.

ಕಂಬಕಂಬಕ್ಕೂ ಆ ಮುಖ ಏರಿತು. ಪರಂಪರೆ ವಾರದ ಮೊದಲ ದಿನ ಗೀಚಿ ಅತ್ತೆಯ ಕೈಹಿಡಿದು ಗಿರಣಿಯ ಬಾಗಿಲಿಗೆ ಕರೆತಂದಳು. ಅತ್ತೆ ಕತ್ತೆತ್ತಿ ನೋಡಿದಳು.

“ಎಷ್ಟು ಲಕ್ಷಣವಾಗಿದಾಳೆ! ಯಾರ ಮನೆ ಹುಡುಗೀನೇ ಇವಳು?”

“ಯಾರೂ ಅಲ್ಲ ಅತ್ತೆ. ಸುಮ್ನೆ ಬರೆದಿದ್ದು.”

ಅತ್ತೆ ಮತ್ತೊಮ್ಮೆ ಕತ್ತೆತ್ತಿ ನೋಡಿದಳು. “ನಂದು ಬೇಡ ಅಂದ್ರಾ?”

ಗೀಚಿ ಹೌದೆಂದು ತಲೆಯಾಡಿಸಿದಳು.

“ಹೋಗ್ಲಿ ಬಿಡು, ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯಾ?” ಎಂದು ಅತ್ತೆಯೇ ಅವಳ ಬೆನ್ನು ಸವರಿದಳು. ಒಳಗೆ ಹೋಗೋಣವೆಂದರೆ ಒಪ್ಪಲಿಲ್ಲ. ಕಾಲು ನೋಯುತ್ತಿದೆ ಎಂದಳು.

ಮರುದಿನ ಬೆಳಿಗ್ಗೆ ಗೀಚಿ ಹೊಸ ಹಾಳೆ ತೆಗೆದಳು. ಯಾರಿಗೂ ತೋರಿಸುವುದಿಲ್ಲ, ಅತ್ತೆಯನ್ನು ಇದ್ದ ಹಾಗೇ ಒಮ್ಮೆ ಬರೆದುಬಿಡುತ್ತೇನೆ ಎಂದು ಹಟ ಹಿಡಿದು ಕೂತಳು. ಅತ್ತೆ ಎದುರಿಗೇ ಇದ್ದಳು, ಬೆಳಕೂ ಚೆನ್ನಾಗಿತ್ತು. ಆದರೆ ಪೆನ್ಸಿಲು ತುಟಿಯ ಕೊನೆಗೆ ಬಂದಾಗ ತಾನಾಗಿಯೇ ಮೇಲಕ್ಕೆ ಬಾಗಿತು. ಅಳಿಸಿದಳು, ಮತ್ತೆ ಬರೆದಳು. ಹಾಳೆ ಬದಲಿಸಿದಳು. ಭಿತ್ತಿಪತ್ರ, ಕೈಚೀಲವೆಂದು ಎರಡು ತಿಂಗಳು ಅದೇ ಮುಖವನ್ನು ತಿದ್ದಿ ತಿದ್ದಿ ಅವಳ ಕೈ ಆ ನಗುವೊಂದನ್ನೇ ಕಲಿತುಬಿಟ್ಟಿತ್ತು. ನಾಲ್ಕನೆಯ ಹಾಳೆಯಲ್ಲೂ ಅದೇ ಕಂಬದ ಮೇಲಿನ ಹೆಂಗಸು ಹಲ್ಲು ಬಿಡುತ್ತಿದ್ದಳು.

“ಆಯ್ತೇನೇ? ಬೆನ್ನು ಹಿಡ್ಕೊಂಡ್ಬಿಟ್ಟಿದೆ,” ಎಂದಳು ಅತ್ತೆ, ಕೆಮ್ಮಿನ ನಡುವೆ.

ಗೀಚಿ ಹಾಳೆಗಳನ್ನು ಬೋರಲು ಹಾಕಿ, ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಮಲಗಿಸಿ, ಹೊದಿಸಿ, ಆ ಮುಖವನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿ ನಿಂತಳು.